ಕಣ್ಣಿಗೆ ಐದು, ಕಿವಿಗೆ ಮೂರು

ಫ್ರೆಂಚ್ ಕಲಿಯಲು ಹೊರಟವರು ಮೊದಲಿಗೇ ಬಾಯಿಪಾಠ ಮಾಡುವ ಕ್ರಿಯಾಪದಗಳಲ್ಲಿ ‘ಪಾರ್ಲೇ’ ಒಂದು. ಮಾತಾಡು ಎಂದು ಅರ್ಥ. ವರ್ತಮಾನ ಕಾಲದಲ್ಲಿ ಅದಕ್ಕೆ ನಾನು, ನೀನು, ಅವನು, ನಾವು, ನೀವು, ಅವರು ಎಂದು ಆರು ರೂಪ. ಪುಸ್ತಕದಲ್ಲಿ ಈ ಆರಕ್ಕೆ ಐದು ಬಗೆಯ ಕಾಗುಣಿತವಿದೆ. ‘ನಾನು’ ಮತ್ತು ‘ಅವನು’ ರೂಪಗಳು ಇ ಅಕ್ಷರದಲ್ಲಿ ಮುಗಿಯುತ್ತವೆ. ‘ನೀನು’ ರೂಪ ಇ-ಎಸ್‌ನಲ್ಲಿ, ‘ನಾವು’ ರೂಪ ಒ-ಎನ್-ಎಸ್‌ನಲ್ಲಿ, ‘ನೀವು’ ರೂಪ ಇ-ಝಡ್‌ನಲ್ಲಿ, ‘ಅವರು’ ರೂಪ ಇ-ಎನ್-ಟಿಯಲ್ಲಿ ಮುಗಿಯುತ್ತವೆ. ಅದೇ ಪಾಠವನ್ನು ಪ್ಯಾರಿಸಿನವರ ಬಾಯಲ್ಲಿ ಕೇಳಿ: ಝ ಪಾರ್ಲ್, ತ್ಯು ಪಾರ್ಲ್, ಇಲ್ ಪಾರ್ಲ್, ನು ಪಾರ್ಲೋಂ, ವು ಪಾರ್ಲೇ, ಇಲ್ ಪಾರ್ಲ್. ಕಣ್ಣಿಗೆ ಐದು ಕಂಡದ್ದು ಕಿವಿಗೆ ಮೂರೇ. ‘ಅವನು ಮಾತಾಡುತ್ತಾನೆ’ ಮತ್ತು ‘ಅವರು ಮಾತಾಡುತ್ತಾರೆ’ ಎರಡಕ್ಕೂ ಒಂದೇ ಸದ್ದು.

ಭೂತಕಾಲದ ಒಂದು ರೂಪವನ್ನು ನೋಡಿದರೂ ಕಥೆ ಇದೇ. ‘ನಾನು ಮಾತಾಡುತ್ತಿದ್ದೆ’, ‘ನೀನು ಮಾತಾಡುತ್ತಿದ್ದೆ’, ‘ಅವನು ಮಾತಾಡುತ್ತಿದ್ದ’, ‘ಅವರು ಮಾತಾಡುತ್ತಿದ್ದರು’ ಎಂಬ ನಾಲ್ಕಕ್ಕೂ ಕಿವಿಗೆ ಬೀಳುವುದು ‘ಪಾರ್ಲೆ’ ಎಂಬ ಒಂದೇ ಉಲಿ. ಬರಹದಲ್ಲಿ ಮಾತ್ರ ಮೂರು ಬಗೆಯ ಬಾಲ.

ಹಾಗಾದರೆ ಫ್ರೆಂಚರು ಯಾರು, ಎಷ್ಟು ಜನ ಎಂಬುದನ್ನು ಹೇಗೆ ತಿಳಿದುಕೊಳ್ಳುತ್ತಾರೆ? ಉತ್ತರ ಪದದ ಬಾಲದಲ್ಲಿಲ್ಲ. ಮಾತು ಹರಿಯುವಾಗ ಅದು ಎಲ್ಲೆಲ್ಲಿ ತುಂಡಾಗುತ್ತದೆ, ಯಾವ ವ್ಯಂಜನ ಯಾವ ಸ್ವರದ ಜತೆ ಸೇರುತ್ತದೆ ಎಂಬುದರಲ್ಲಿದೆ. ಸಿಲಬಲ್ ಎಂದು ಕರೆಯುವ ಆ ತುಂಡನ್ನು ನಾವಿಲ್ಲಿ ಉಚ್ಚಾರಾಂಶ ಎನ್ನೋಣ. ಫ್ರೆಂಚ್ ಕ್ರಿಯಾಪದದ ವ್ಯಾಕರಣ ಬಹುಪಾಲು ಅದರ ಉಚ್ಚಾರಾಂಶಗಳಲ್ಲೇ ಇದೆ ಎಂಬುದನ್ನು ತೋರಿಸುವುದು ಈ ಅಧ್ಯಾಯದ ಕೆಲಸ.

ಮುಂದೆ ಹೋಗುವ ಮುನ್ನ ನಮ್ಮ ಬರವಣಿಗೆಯ ಒಪ್ಪಂದ. ಇಲ್ಲಿ ‘ಏ’ ಎಂದು ಬರೆದದ್ದು ದೀರ್ಘವೆಂದಲ್ಲ. ಬಾಯಿಯನ್ನು ಕಿರಿದಾಗಿ ತೆರೆದು ನುಡಿಯುವ ಸ್ವರ ಅದು. ‘ಎ’ ಎಂದು ಬರೆದದ್ದು ಬಾಯಿ ಇನ್ನಷ್ಟು ತೆರೆದು ನುಡಿಯುವ ಸ್ವರ. ಪದದ ಕೊನೆಯ ‘ಓಂ’, ‘ಆಂ’, ‘ಏಂ’ಗಳಲ್ಲಿ ಮ್ ಸದ್ದಿಲ್ಲ, ಸ್ವರವೇ ಮೂಗಿನಲ್ಲಿ ಹೊರಡುತ್ತದೆ. ‘ತ್ಯು’ ಎಂದಲ್ಲಿ ನಾಲಗೆ ‘ಇ’ಗೆ ಸಿದ್ಧವಾಗಿರಬೇಕು, ತುಟಿ ‘ಉ’ಗೆ ದುಂಡಾಗಬೇಕು. ‘ಝ’ ಎಂದರೆ ಟೆಲಿವಿಷನ್ ಪದದ ನಡುವಿನ ಸದ್ದು, ‘ಜ಼’ ಎಂದರೆ ಜ಼ೂ ಪದದ ಮೊದಲ ಸದ್ದು. ರಕಾರ ಗಂಟಲಿನ ಹಿಂಭಾಗದಿಂದ ಬರುತ್ತದೆ. ಇನ್ನು ಫ್ರೆಂಚಿನ ತ, ದ ನಮ್ಮ ತ, ದಗಳಂತೆಯೇ ಹಲ್ಲಿಗೆ ತಾಗುವಂಥವು; ಪ, ತ, ಕಗಳಿಗೆ ಇಂಗ್ಲಿಷಿನಲ್ಲಿರುವ ಉಸಿರಿನ ಹೊಡೆತವೂ ಇಲ್ಲ. ಇಂಗ್ಲಿಷಿನ ಮೂಲಕ ಫ್ರೆಂಚಿಗೆ ಹೋಗುವ ಕನ್ನಡಿಗರು ಸುಮ್ಮನೆ ‘ಟ’ಕಾರ ತರುತ್ತಾರೆ, ನೇರವಾಗಿ ಕನ್ನಡದಿಂದ ಹೋದರೆ ದಾರಿ ಹತ್ತಿರ.

ಎಲ್ಲಿ ಕತ್ತರಿಸಬೇಕು?

ಪ್ರತಿ ಉಚ್ಚಾರಾಂಶಕ್ಕೂ ಒಂದು ಸ್ವರ ತಿರುಳು. ಸುತ್ತಲಿನ ವ್ಯಂಜನಗಳು ಅದರ ಹಿಂದೆ ಮುಂದೆ ಅಂಟಿಕೊಳ್ಳುತ್ತವೆ. ಸ್ವರದಲ್ಲೇ ಮುಗಿದರೆ ಅದು ತೆರೆದ ಉಚ್ಚಾರಾಂಶ, ವ್ಯಂಜನದಲ್ಲಿ ಮುಗಿದರೆ ಮುಚ್ಚಿದ್ದು. ಫ್ರೆಂಚಿಗೆ ತೆರೆದದ್ದೆಂದರೆ ಬಲು ಇಷ್ಟ. ಒಂದು ವ್ಯಂಜನ ಎರಡು ಸ್ವರಗಳ ನಡುವೆ ಸಿಕ್ಕರೆ ಅದು ಮುಂದಿನ ಸ್ವರಕ್ಕೇ ಸೇರುತ್ತದೆ. ‘ಕೊಡು’ ಎಂಬ ಅರ್ಥದ ದೊನೇ ಪದವನ್ನು ಎರಡು ಎನ್ ಹಾಕಿ ಬರೆಯುತ್ತಾರೆ. ಆಡುವಾಗ ಒಂದೇ ನಕಾರ, ಅದು ದೊ-ನೇ ಎಂದು ಎರಡನೆಯ ತುಂಡಿಗೆ ಹೋಗುತ್ತದೆ.

ಎರಡು ವ್ಯಂಜನ ಬಂದಾಗ ಒಂದು ಪರೀಕ್ಷೆ: ಆ ಜೋಡಿಯಿಂದ ಫ್ರೆಂಚಿನಲ್ಲಿ ಒಂದು ಪದ ಶುರುವಾಗಬಲ್ಲದೇ? ‘ತೋರಿಸು’ ಎಂಬ ಅರ್ಥದ ಮೋಂತ್ರೇ ಪದದಲ್ಲಿ ತ್-ರ್ ಜೋಡಿಯಿದೆ. ತ್ರದಿಂದ ಶುರುವಾಗುವ ಪದಗಳು ಬೇಕಾದಷ್ಟಿವೆ, ಆದ್ದರಿಂದ ಜೋಡಿ ಒಡೆಯುವುದಿಲ್ಲ: ಮೋಂ-ತ್ರೇ. ಪಾರ್ಲೇಯಲ್ಲಿ ರ್-ಲ್ ಇದೆ. ಆ ಜೋಡಿಯಿಂದ ಯಾವ ಪದವೂ ಶುರುವಾಗದು, ಆದ್ದರಿಂದ ಒಡೆಯುತ್ತದೆ: ಪಾರ್-ಲೇ. ಒಂದು ಸ್ಪರ್ಶ ವ್ಯಂಜನವೋ ಫಕಾರವೋ ಬಂದು ಅದರ ಬೆನ್ನಿಗೆ ರ ಅಥವಾ ಲ ಬಂದರೆ ಸಾಮಾನ್ಯವಾಗಿ ಅವು ಜತೆ ಬಿಡುವುದಿಲ್ಲ.

ಬರೆಯುವಾಗ ಸಾಲಿನ ಕೊನೆಯಲ್ಲಿ ಪದ ಮುರಿಯುವ ನಿಯಮ ಬೇರೆ, ಕಿವಿಯ ನಿಯಮ ಬೇರೆ ಎಂಬುದನ್ನು ಇಲ್ಲೇ ಮನಸ್ಸಿಗೆ ತಂದುಕೊಳ್ಳಬೇಕು. ಬರಹ ದೊನೇಯನ್ನು ಎರಡು ಎನ್‌ಗಳ ನಡುವೆ ಮುರಿಯುತ್ತದೆ. ‘ಪಾರ್ಲ್’ ರೂಪವನ್ನು ಎರಡು ತುಂಡು ಎಂದು ಎಣಿಸುತ್ತದೆ. ಕಿವಿಗೆ ಅದು ಒಂದೇ ತುಂಡು. ಈ ಭೇದ ನಮಗೆ ಹೊಸದಲ್ಲ. ‘ಮಕ್ಕಳು’ ಎಂದು ಬರೆಯುವಾಗ ಒತ್ತಕ್ಷರ ಮುಂದಿನ ಸ್ವರದ ಜತೆ ಕೂತು ಮ-ಕ್ಕ-ಳು ಎಂದು ಕಾಣುತ್ತದೆ, ಆಡುವಾಗ ಮಕ್-ಕ-ಳು. ಒತ್ತಕ್ಷರದ ಹಿಂದಿನ ಅಕ್ಷರವನ್ನು ಗುರುವೆಂದು ಎಣಿಸುವ ನಮ್ಮ ಛಂದಸ್ಸು ಬರಹವನ್ನು ಬಿಟ್ಟು ಕಿವಿಯನ್ನೇ ನಂಬಿದೆ.

ಈ ತುಂಡುಗಳು ವ್ಯಾಕರಣಕಾರರ ಕಲ್ಪನೆಯಷ್ಟೇ ಅಲ್ಲ, ಕೇಳುವವರ ತಲೆಯೊಳಗೂ ಇವೆ ಎಂಬುದಕ್ಕೆ ಒಂದು ಹೆಸರಾಂತ ಪ್ರಯೋಗವಿದೆ. 1981ರಲ್ಲಿ ಝಾಕ್ ಮೆಹ್ಲರ್ ಮತ್ತು ಸಂಗಡಿಗರು ಫ್ರೆಂಚ್ ಮಾತೃಭಾಷೆಯವರಿಗೆ ಒಂದು ಗುರಿಸದ್ದು ಹೇಳಿ, ಕೇಳಿಸುವ ಪದಗಳಲ್ಲಿ ಅದು ಸಿಕ್ಕ ಕೂಡಲೇ ಗುಂಡಿ ಒತ್ತಲು ತಿಳಿಸಿದರು. ‘ಪಾ’ ಎಂಬ ಗುರಿಯನ್ನು ಜನ ಪಾ-ಲಾಸ್ ಪದದಲ್ಲಿ ಬೇಗ ಹಿಡಿದರು. ‘ಪಾಲ್’ ಎಂಬ ಗುರಿಯನ್ನು ಪಾಲ್-ಮ್ಯೇ ಪದದಲ್ಲಿ ಬೇಗ ಹಿಡಿದರು. ಎರಡೂ ಪದಗಳು ಪ, ಆ, ಲ್ ಎಂಬ ಮೂರೇ ಸದ್ದುಗಳಿಂದ ಶುರುವಾಗುತ್ತವೆ. ಆದರೂ ಗುರಿ ಮತ್ತು ಉಚ್ಚಾರಾಂಶದ ಗಡಿ ಹೊಂದಿದಾಗ ಬೆರಳು ಚುರುಕಾಯಿತು. ಮುಂದೆ ಆ್ಯನ್ ಕಟ್ಲರ್ ಜತೆಗೂಡಿ ನಡೆಸಿದ ಪ್ರಯೋಗಗಳಲ್ಲಿ ಇಂಗ್ಲಿಷ್ ಮಾತೃಭಾಷೆಯವರಲ್ಲಿ ಈ ಗುಣ ಕಾಣಲಿಲ್ಲ. ಬೆಳೆದ ಭಾಷೆ ಯಾವುದೋ ಕಿವಿ ಹರಿಯುವ ಮಾತನ್ನು ಕತ್ತರಿಸುವ ಬಗೆಯೂ ಅದರದೇ. ಫ್ರೆಂಚ್ ಕಿವಿ ಉಚ್ಚಾರಾಂಶವನ್ನು ಹಿಡಿದೇ ಕೇಳುತ್ತದೆ.

ಇದ್ದೂ ಇಲ್ಲದ ‘ಇ’

ಫ್ರೆಂಚ್ ಕ್ರಿಯಾಪದದಲ್ಲಿ ಎಷ್ಟು ಉಚ್ಚಾರಾಂಶ ಎಂದು ಎಣಿಸಲು ಹೊರಟರೆ ದಾರಿಗೆ ಅಡ್ಡ ಬರುವುದು ಇ ಅಕ್ಷರ. ಗುರುತಿಲ್ಲದ ಬೋಳು ‘ಇ’ಗೆ ಫ್ರೆಂಚರು ಮೂಕ ಇ ಎನ್ನುತ್ತಾರೆ. ನುಡಿದಾಗ ಅದು ತುಟಿ ಸ್ವಲ್ಪ ದುಂಡಾದ ‘ಅ’ದಂತೆ ಕೇಳುತ್ತದೆ, ಅವಕಾಶ ಸಿಕ್ಕಲ್ಲೆಲ್ಲ ಬಿದ್ದುಹೋಗುತ್ತದೆ.

ಬೀಳುವುದಕ್ಕೆ ಒಂದು ಲೆಕ್ಕವಿದೆ. ‘ಕೊಡುತ್ತೇವೆ’ ಎಂಬ ಭವಿಷ್ಯದ ರೂಪ ಬರಹದಲ್ಲಿ ದೊ-ನ-ರೋಂ. ಮಾತಿನಲ್ಲಿ ನಡುವಿನ ‘ಇ’ ಬಿದ್ದು ದೊನ್-ರೋಂ ಎಂದು ಎರಡೇ ತುಂಡಾಗುತ್ತದೆ. ಇದಕ್ಕೆ ಒಂದು ಯಕಾರ ಸೇರಿಸಿ ‘ಕೊಡುತ್ತಿದ್ದೆವು, ಆದರೆ…’ ಎಂಬ ಷರತ್ತಿನ ರೂಪ ಮಾಡಿ: ದೊ-ನ-ರ್ಯೋಂ. ಈಗ ‘ಇ’ ಬೀಳುವುದಿಲ್ಲ. ಬಿದ್ದಿದ್ದರೆ ನ್, ರ್, ಯ್ ಮೂರೂ ಒಂದರ ಮೇಲೊಂದು ಬೀಳುತ್ತಿದ್ದವು. ಪಾರ್ಲೇಯ ಭವಿಷ್ಯ ರೂಪದಲ್ಲೂ ರ್, ಲ್, ರ್ ಎಂಬ ಮೂರು ಸೇರುವ ಅಪಾಯ ಇರುವುದರಿಂದ ಪಾರ್-ಲ-ರೋಂ ಎಂದು ಮೂರು ತುಂಡು ಉಳಿಯುತ್ತದೆ. ಮೂರು ವ್ಯಂಜನ ಒತ್ತೊತ್ತಾಗುವ ಕಡೆ ಮೂಕ ಇ ಬಾಯಿ ಬಿಡುತ್ತದೆ ಎಂಬ ಈ ಸೂತ್ರವನ್ನು ಮೊದಲು ಹೇಳಿದವರು ಭಾಷಾವಿಜ್ಞಾನಿ ಮೋರಿಸ್ ಗ್ರಾಮೋಂ. ಅದು 19ನೇ ಶತಮಾನದ ಕೊನೆಯ ಮಾತು. ಸೂತ್ರಕ್ಕೆ ಅಪವಾದಗಳು ಸಿಕ್ಕಿವೆ, ಆದರೂ ಕಲಿಯುವವರಿಗೆ ಅದಕ್ಕಿಂತ ಒಳ್ಳೆಯ ಕೈದೀವಿಗೆ ಇಲ್ಲ.

ಕನ್ನಡದ ಕ್ರಿಯಾಪದಗಳೂ ಇದನ್ನೇ ಮಾಡುತ್ತವೆ. ‘ಹೇಳಿದರು’ ನಾಲ್ಕು ತುಂಡು. ಮಾತಿನಲ್ಲಿ ‘ಹೇಳಿದ್ರು’ ಆಗಿ ಮೂರಕ್ಕಿಳಿಯುತ್ತದೆ. ದಕಾರದ ‘ಅ’ ಬಿದ್ದದ್ದೇ ತಡ, ಅನಾಥವಾದ ದ್ ಹಿಂದಕ್ಕೆ ಸರಿದು ‘ಳಿ’ಯನ್ನು ‘ಳಿದ್’ ಎಂದು ಮುಚ್ಚಿಬಿಡುತ್ತದೆ. ದೊ-ನ-ರೋಂ ದೊನ್-ರೋಂ ಆದಾಗ ನಕಾರ ಮಾಡಿದ್ದೂ ಇದನ್ನೇ. ಸ್ವರ ಬಿದ್ದರೆ ಹಿಂದಿನ ಉಚ್ಚಾರಾಂಶ ಮುಚ್ಚಿಕೊಳ್ಳುತ್ತದೆ. ಈ ಒಂದು ಸಂಗತಿಯನ್ನು ನೆನಪಿನಲ್ಲಿಟ್ಟುಕೊಳ್ಳಿ; ಮುಂದೆ ಬಹಳ ಕೆಲಸಕ್ಕೆ ಬರುತ್ತದೆ.

ಪದದ ಕೊನೆಯ ಮೂಕ ಇ ಬಿದ್ದಾಗ ಕೆಲವೊಮ್ಮೆ ಬಾಯಿಗೆ ಕಷ್ಟವಾಗುವ ಗುಂಪು ಉಳಿಯುತ್ತದೆ. ‘ಪಾರ್ಲ್’ ಸಲೀಸು, ಏಕೆಂದರೆ ಸ್ವರದಿಂದ ರ್, ರ್‌ನಿಂದ ಲ್ ಎಂದು ನಾದ ಮೆಲ್ಲಗೆ ಇಳಿಯುತ್ತದೆ. ‘ಅವರು ತೋರಿಸುತ್ತಾರೆ’ ಎಂಬ ‘ಇಲ್ ಮೋಂತ್ರ್’ ಹಾಗಲ್ಲ. ತ್‌ನಲ್ಲಿ ನಾದ ನಿಂತುಹೋದ ಮೇಲೆ ರ್‌ಗಾಗಿ ಮತ್ತೆ ಏರಬೇಕು, ಏರಿದರೆ ಆಸರೆಗೆ ಸ್ವರವಿಲ್ಲ. ಆದ್ದರಿಂದ ಅಲ್ಲಿ ರಕಾರ ಪಿಸುಮಾತಿನಂತೆ ನಾದ ಕಳೆದುಕೊಳ್ಳುತ್ತದೆ. ಅವಸರದ ಮಾತಿನಲ್ಲಿ ಪೂರ್ತಿ ಬಿದ್ದು ‘ಇಲ್ ಮೋಂತ್’ ಎಂದಷ್ಟೇ ಉಳಿಯುವುದೂ ಉಂಟು.

ದಕ್ಷಿಣ ಫ್ರಾನ್ಸಿನ ಮಾತು ಬೇರೆ. ಮಾರ್ಸೇ, ತುಲೂಜ಼್ ಕಡೆಯ ಹಿರಿಯರ ಬಾಯಲ್ಲಿ ‘ಪಾರ್-ಲ’ ಎಂದು ಎರಡು ತುಂಡು ಸ್ಪಷ್ಟವಾಗಿ ಕೇಳುತ್ತದೆ. ಆ ನೆಲದ ಹಳೆಯ ಭಾಷೆ ಆಕ್ಸಿತಾನ್ ಪದಾಂತ್ಯದ ಸ್ವರಗಳನ್ನು ಉಳಿಸಿಕೊಂಡಿತ್ತು. ಅದರ ಮಕ್ಕಳು ಫ್ರೆಂಚಿಗೂ ಆ ರೂಢಿಯನ್ನು ತಂದರು.

ಕಾವ್ಯವೂ ಮೂಕ ಇಯನ್ನು ಮೂಕವಾಗಲು ಬಿಡಲಿಲ್ಲ. ಫ್ರೆಂಚಿನ ಅಭಿಜಾತ ಛಂದಸ್ಸಾದ ಅಲೆಕ್ಸಾಂದ್ರೇಂ ಸಾಲಿಗೆ 12 ಉಚ್ಚಾರಾಂಶ, ಆರಕ್ಕೊಂದು ಯತಿ. ನಮ್ಮ ಉತ್ಪಲಮಾಲೆಯ ಪಾದಕ್ಕೆ 20 ಅಕ್ಷರ ಎಂದು ಎಣಿಸುವಂತೆ ಇಲ್ಲೂ ಎಣಿಕೆಯೇ ಮುಖ್ಯ. ಲಘು ಗುರುಗಳ ಗಣವಿನ್ಯಾಸ ಮಾತ್ರ ಇಲ್ಲ. ‘ಅವರು ಚೆನ್ನಾಗಿ ಹಾಡುತ್ತಾರೆ’ ಎಂಬುದು ಮಾತಿನಲ್ಲಿ ಇಲ್-ಶಾಂತ್-ಬ್ಯೇಂ ಎಂದು ಮೂರು. ಪದ್ಯದಲ್ಲಿ ಇಲ್-ಶಾಂ-ತ-ಬ್ಯೇಂ ಎಂದು ನಾಲ್ಕು, ಏಕೆಂದರೆ ವ್ಯಂಜನದ ಮುಂದೆ ಬಂದ ಮೂಕ ಇಯನ್ನು ಎಣಿಸಲೇಬೇಕು. ಆದರೆ ಅದೇ ಬಹುವಚನದ ‘ಹಾಡುತ್ತಿದ್ದರು’ ರೂಪದ ಕೊನೆಯಲ್ಲಿ ಎ-ಐ-ಇ-ಎನ್-ಟಿ ಎಂಬ ಐದಕ್ಷರಗಳಿದ್ದರೂ ಛಂದಸ್ಸು ಅದನ್ನು ಒಂದೇ ಉಚ್ಚಾರಾಂಶವೆಂದು ಒಪ್ಪಿಕೊಂಡಿತು. ರಂಗದ ಮೇಲೆ ರಾಸೀನ್‌ನ ನಾಟಕ ಆಡುವವರು ಇಂದಿಗೂ ಈ ಲೆಕ್ಕವನ್ನು ಕಲಿತೇ ಬಾಯಿ ತೆರೆಯಬೇಕು.

ಮುಚ್ಚಿದರೆ ಸ್ವರ ಬದಲು

ಫ್ರೆಂಚ್ ಕಲಿಯುವವರನ್ನು ಕಾಡುವ ಒಂದು ಪ್ರಶ್ನೆ: ಕೆಲವು ಕ್ರಿಯಾಪದಗಳಲ್ಲಿ ಅಕ್ಷರ ಏಕೆ ಇಮ್ಮಡಿಯಾಗುತ್ತದೆ? ಕೆಲವದರಲ್ಲಿ ತಲೆಯ ಮೇಲಿನ ಗೀಟು ಏಕೆ ದಿಕ್ಕು ಬದಲಿಸುತ್ತದೆ? ಬಿಡಿ ನಿಯಮಗಳೆಂದು ನೋಡಿದರೆ ಇವು ಬರೀ ಹೊರೆ. ಉಚ್ಚಾರಾಂಶದ ಕಣ್ಣಿನಿಂದ ನೋಡಿದರೆ ಎಲ್ಲವೂ ಒಂದೇ ನಿಯಮ.

‘ಕರೆ’ ಎಂಬ ಅರ್ಥದ ಕ್ರಿಯಾಪದವನ್ನು ಆಡುವುದು ಆ-ಪ್ಲೇ ಎಂದು. ನಡುವಿನ ಮೂಕ ಇ ಬಿದ್ದಿದೆ. ‘ನಾನು ಕರೆಯುತ್ತೇನೆ’ ಎನ್ನುವಾಗ ಬೀಳುವುದು ಕೊನೆಯ ಇ. ಆಗ ಲಕಾರ ಹಿಂದಕ್ಕೆ ಸರಿದು ಉಚ್ಚಾರಾಂಶವನ್ನು ಮುಚ್ಚುತ್ತದೆ. ಮುಚ್ಚಿದ ಉಚ್ಚಾರಾಂಶದ ತಿರುಳಾಗಲು ಮೂಕ ಇಗೆ ಸಾಧ್ಯವಿಲ್ಲ, ಅಲ್ಲಿ ಪೂರ್ಣ ಸ್ವರವೇ ಬೇಕು. ಹೀಗೆ ‘ಎ’ ಬಂದು ಝಾ-ಪೆಲ್ ಆಗುತ್ತದೆ. ಈ ಬದಲಾವಣೆಯನ್ನು ತೋರಿಸಲು ಬರಹ ಎಲ್ ಅಕ್ಷರವನ್ನು ಇಮ್ಮಡಿಸುತ್ತದೆ. ‘ಕೊಂಡುಕೊಳ್ಳು’ ಎಂಬ ಆಶ್-ತೇ ಕ್ರಿಯಾಪದದಲ್ಲೂ ಇದೇ ನಡೆದು ಝಾ-ಶೆತ್ ಆಗುತ್ತದೆ. ಅಲ್ಲಿ ಬರಹ ಅಕ್ಷರ ಇಮ್ಮಡಿಸದೆ ಇಕಾರದ ಮೇಲೆ ಎಡಕ್ಕೆ ವಾಲಿದ ಗೀಟು ಹಾಕುತ್ತದೆ. ಗುರುತು ಎರಡು, ಕಾರಣ ಒಂದೇ: ‘ಇಲ್ಲಿ ಉಚ್ಚಾರಾಂಶ ಮುಚ್ಚಿದೆ, ಬಾಯಿ ಅಗಲಿಸಿ ನುಡಿ’.

‘ಬಿಟ್ಟುಕೊಡು’ ಎಂಬ ಅರ್ಥದ ಸೇ-ದೇ ಪದದ ಕಥೆ ಇನ್ನೂ ಸೊಗಸು. ‘ನಾನು ಬಿಟ್ಟುಕೊಡುತ್ತೇನೆ’ ಎಂಬ ವರ್ತಮಾನದಲ್ಲಿ ಉಚ್ಚಾರಾಂಶ ಮುಚ್ಚಿ ‘ಸೆದ್’ ಆಗುತ್ತದೆ, ಗೀಟೂ ದಿಕ್ಕು ಬದಲಿಸುತ್ತದೆ. ಭವಿಷ್ಯದ ರೂಪ ಸೆದ್-ರೇಯಲ್ಲೂ ಉಚ್ಚಾರಾಂಶ ಮುಚ್ಚಿದೆ, ಬಾಯಿ ಅಗಲವಾಗಿಯೇ ತೆರೆಯುತ್ತದೆ. ಕಾಗುಣಿತ ಮಾತ್ರ ಹಳೆಯ ಕಿರಿದಾದ ಸ್ವರದ ಗೀಟನ್ನೇ ಹಿಡಿದು ಕೂತಿತ್ತು. 1990ರ ಡಿಸೆಂಬರ್ 6ರಂದು ಫ್ರಾನ್ಸಿನ ಸರ್ಕಾರಿ ಗೆಜೆಟ್ಟಿನಲ್ಲಿ ಕಾಗುಣಿತದ ತಿದ್ದುಪಡಿಗಳು ಪ್ರಕಟವಾದವು. ಇಂಥ ಭವಿಷ್ಯ ರೂಪಗಳಿಗೆ ಅಗಲ ಸ್ವರದ ಗೀಟು ಹಾಕಬಹುದು ಎಂಬುದು ಅವುಗಳಲ್ಲಿ ಒಂದು. ಕಿವಿ ಎಂದೋ ತೀರ್ಮಾನಿಸಿದ್ದನ್ನು ಕಾಗದ ಆ ದಿನ ಒಪ್ಪಿಕೊಂಡಿತು. ಈಗ ಎರಡೂ ಬರಹ ಸರಿ.

ಇನ್ನೂ ಹಿಂದಕ್ಕೆ ಹೋದರೆ, ಅನಿಯತ ಕ್ರಿಯಾಪದಗಳೆಂದು ಪಟ್ಟಿ ಮಾಡಿ ಉರುಹೊಡೆಸುವ ಬಹಳಷ್ಟು ರೂಪಗಳಿಗೂ ಉಚ್ಚಾರಾಂಶವೇ ಮೂಲ. ‘ಹಿಡಿದುಕೋ’ ಎಂಬ ಕ್ರಿಯಾಪದದಲ್ಲಿ ‘ಅವನು’ ರೂಪ ತ್ಯೇಂ, ‘ಅವರು’ ರೂಪ ತ್ಯೆನ್, ಆದರೆ ‘ನಾವು’ ರೂಪ ತ-ನೋಂ. ‘ಮಾಡಬೇಕು’ ಎಂಬ ಅರ್ಥದ ಕ್ರಿಯಾಪದದಲ್ಲಿ ದ್ವಾ, ದ್ವಾವ್, ಆದರೆ ‘ನಾವು’ ಎಂದಾಗ ದ-ವೋಂ. ಲ್ಯಾಟಿನ್ನಿನಲ್ಲಿ ‘ಅವನು’, ‘ಅವರು’ ರೂಪಗಳ ಒತ್ತು ಧಾತುವಿನ ಮೇಲೆ ಬೀಳುತ್ತಿತ್ತು: ತೆ-ನೆತ್‌ನಲ್ಲಿ ‘ತೆ’ ಮೇಲೆ. ‘ನಾವು’, ‘ನೀವು’ ರೂಪಗಳಲ್ಲಿ ಒತ್ತು ಪ್ರತ್ಯಯಕ್ಕೆ ಜಾರುತ್ತಿತ್ತು: ತೆ-ನೇ-ಮುಸ್‌ನಲ್ಲಿ ‘ನೇ’ ಮೇಲೆ. ಒತ್ತು ಪಡೆದ ಸ್ವರ ಶತಮಾನಗಳಲ್ಲಿ ಹಿಗ್ಗಿ ‘ಯೇ’, ‘ವಾ’ ಆಯಿತು. ಒತ್ತಿಲ್ಲದ ಸ್ವರ ಕುಗ್ಗಿ ಮೂಕ ಇ ಆಯಿತು. ಪಾರ್ಲೇ ಕೂಡ ಒಂದು ಕಾಲಕ್ಕೆ ಹೀಗೇ ಇತ್ತು: ಹಳೆಯ ಫ್ರೆಂಚಿನಲ್ಲಿ ‘ನಾನು’ ರೂಪದ ಧಾತು ಪಾರೊಲ್ ಎಂದೂ ‘ನಾವು’ ರೂಪದ್ದು ಪಾರ್ಲ್ ಎಂದೂ ಬೇರೆ ಬೇರೆ. ಆಮೇಲೆ ಎರಡನೆಯದೇ ಎಲ್ಲ ಕಡೆ ಹರಡಿತು. ಹೆಚ್ಚು ಬಳಕೆಯ ಕೆಲವು ಕ್ರಿಯಾಪದಗಳು ಮಾತ್ರ ಹಳೆಯ ಒತ್ತಿನ ಗುರುತನ್ನು ಇಂದಿಗೂ ಉಳಿಸಿಕೊಂಡಿವೆ. ಅವು ಕ್ರಮ ತಪ್ಪಿದ ರೂಪಗಳಲ್ಲ. ಇನ್ನೊಂದು ಕ್ರಮದ ನೆನಪು.

ಪದದ ಗಡಿ ದಾಟುವ ವ್ಯಂಜನ

ಫ್ರೆಂಚಿನಲ್ಲಿ ಉಚ್ಚಾರಾಂಶ ಪದದ ಗಡಿಯನ್ನು ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ‘ಅವನು ಪ್ರೀತಿಸುತ್ತಾನೆ’ ಎನ್ನಲು ‘ಇಲ್’ ಮತ್ತು ‘ಎಮ್’ ಎಂಬ ಎರಡು ಪದಗಳಿವೆ. ಆಡುವಾಗ ಲಕಾರ ಮುಂದಿನ ಸ್ವರಕ್ಕೆ ಹಾರಿ ಇ-ಲೆಮ್ ಆಗುತ್ತದೆ. ‘ಅವನು + ಇಲ್ಲ’ ಸೇರಿ ‘ಅವನಿಲ್ಲ’ ಆಗುವಾಗ ನಕಾರ ಮಾಡುವುದೂ ಹೀಗೇ ಮುಂದಿನ ಸ್ವರವನ್ನು ಹಿಡಿಯುವುದು. ನಾವು ಸಂಧಿಯಾದದ್ದನ್ನು ಬರೆದು ತೋರಿಸುತ್ತೇವೆ, ಫ್ರೆಂಚರು ಬಿಡಿಯಾಗಿ ಬರೆದು ಸಂಧಿ ಮಾಡಿ ಓದುತ್ತಾರೆ.

‘ಅವರು ಪ್ರೀತಿಸುತ್ತಾರೆ’ ಎಂಬುದನ್ನು ಈಗ ಕೇಳಿ: ಇಲ್-ಜ಼ೆಮ್. ‘ಅವರು’ ಎಂಬ ಸರ್ವನಾಮದ ಕೊನೆಯಲ್ಲಿ ಮೌನವಾಗಿದ್ದ ಎಸ್ ಅಕ್ಷರ, ಮುಂದೆ ಸ್ವರ ಕಂಡ ಕೂಡಲೇ ‘ಜ಼್’ ಎಂದು ಎದ್ದು ಮುಂದಿನ ಉಚ್ಚಾರಾಂಶದ ತಲೆಗೆ ಕೂತಿತು. ಇದಕ್ಕೆ ಲಿಯೇಜ಼ೋಂ ಎಂದು ಹೆಸರು. ಕ್ರಿಯಾಪದದ ಕೊನೆಯಲ್ಲಿ ಬರೆದ ಇ-ಎನ್-ಟಿ ತುಟಿ ಪಿಟಕ್ಕೆನ್ನದೆ ಕೂತಿದ್ದರೆ, ಬಹುವಚನವನ್ನು ಸಾರಿ ಹೇಳಿದ್ದು ಎದುರಿನ ಒಂದು ‘ಜ಼’. ಇ-ಲೆಮ್ ಎಂದರೆ ಒಬ್ಬ, ಇಲ್-ಜ಼ೆಮ್ ಎಂದರೆ ಹಲವರು. ಉಚ್ಚಾರಾಂಶದ ಮೊದಲ ವ್ಯಂಜನವೇ ಇಲ್ಲಿ ವಚನ ಪ್ರತ್ಯಯದ ಕೆಲಸ ಮಾಡುತ್ತಿದೆ.

ತಪ್ಪಿದರೆ ಅರ್ಥವೇ ಕೆಡುವ ಜೋಡಿ ಇನ್ನೊಂದಿದೆ. ‘ಇಲ್-ಜ಼ೋಂ’ ಎಂದರೆ ಅವರ ಬಳಿ ಇದೆ. ‘ಇಲ್-ಸೋಂ’ ಎಂದರೆ ಅವರು ಆಗಿದ್ದಾರೆ. ಜ಼ಕಾರ ನಮ್ಮ ಅಚ್ಚಗನ್ನಡ ಧ್ವನಿಗಳಲ್ಲಿ ಇಲ್ಲದ ಕಾರಣ ಕನ್ನಡಿಗರು ಇವೆರಡನ್ನು ಬೇರೆಯಾಗಿ ನುಡಿಯುವ ಅಭ್ಯಾಸವನ್ನು ಬೇಕೆಂದೇ ಮಾಡಬೇಕು. ಸಕಾರ ನುಡಿಯುತ್ತ ಗಂಟಲಿನ ಮೇಲೆ ಬೆರಳಿಟ್ಟು ನಾದದ ಕಂಪನ ಬರುವಂತೆ ಮಾಡಿದರೆ ಜ಼ಕಾರ ಸಿಗುತ್ತದೆ.

ಎರಡು ಸ್ವರಗಳು ಎದುರುಬದುರಾದಾಗ ನಾವು ಯಕಾರವನ್ನೋ ವಕಾರವನ್ನೋ ತಂದು ‘ಮನೆಯನ್ನು’, ‘ಗುರುವನ್ನು’ ಎನ್ನುತ್ತೇವೆ. ಫ್ರೆಂಚ್ ಕ್ರಿಯಾಪದ ತಕಾರವನ್ನು ತರುತ್ತದೆ. ‘ಅವನು ಮಾತಾಡುತ್ತಾನೆಯೇ?’ ಎಂದು ತಿರುಗಿಸಿ ಕೇಳುವಾಗ ಪಾರ್-ಲ-ತಿಲ್. ಬರಹದಲ್ಲಿ ಎರಡು ಅಡ್ಡಗೆರೆಗಳ ನಡುವೆ ಒಂಟಿ ಟಿ ಅಕ್ಷರ ನಿಲ್ಲುತ್ತದೆ. ಹಳೆಯ ಫ್ರೆಂಚಿನ ‘ಅವನು’ ರೂಪಗಳ ಕೊನೆಯಲ್ಲಿ ತಕಾರ ಇತ್ತು, ಸವೆದುಹೋಯಿತು. ‘ದಿ-ತಿಲ್’ ಎಂಬಂಥ ಕ್ರಿಯಾರೂಪಗಳಲ್ಲಿ ಉಳಿದಿದ್ದ ತಕಾರದ ಮಾದರಿಯಲ್ಲಿ ಅದು ಇಲ್ಲಿಗೂ ಮರಳಿ ಬಂತು. ಆಜ್ಞಾರ್ಥದಲ್ಲೂ ಹೀಗೇ. ‘ಹೋಗು’ ಎನ್ನಲು ‘ವಾ’ ಸಾಕು, ‘ಅಲ್ಲಿಗೆ ಹೋಗು’ ಎನ್ನಬೇಕಾದರೆ ವಾ-ಜ಼ಿ ಎಂದು ಜ಼ಕಾರ ಬೇಕು.

ಇವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಒಂದು ದೊಡ್ಡ ಚಲನೆ ಕಾಣುತ್ತದೆ. ಲ್ಯಾಟಿನ್ ಕ್ರಿಯಾಪದ ನಮ್ಮ ಕನ್ನಡದ್ದರಂತೆ ಕೊನೆಯಲ್ಲಿ ಕರ್ತೃವನ್ನು ಹೇಳುತ್ತಿತ್ತು. ‘ಮಾಡುತ್ತೇನೆ’, ‘ಮಾಡುತ್ತಾಳೆ’ ಎಂದರೆ ಸಾಕು, ‘ನಾನು’, ‘ಅವಳು’ ಬೇಡ. ಫ್ರೆಂಚಿನಲ್ಲಿ ಆ ಬಾಲ ಸವೆಯಿತು. ಸರ್ವನಾಮ ಕಡ್ಡಾಯವಾಗಿ ಮುಂದೆ ಬಂದು ನಿಂತಿತು. ಇಂದಿನ ಆಡುಮಾತಿನಲ್ಲಿ ‘ನು ಪಾರ್ಲೋಂ’ ಬದಲು ‘ಓಂ ಪಾರ್ಲ್’ ಎನ್ನುವುದೇ ಹೆಚ್ಚು. ಅಲ್ಲಿಗೆ ಆರರಲ್ಲಿ ಐದು ರೂಪಗಳು ‘ಪಾರ್ಲ್’ ಆದವು. ‘ನೀವು’ ರೂಪವೊಂದೇ ಬೇರೆ. ಸರ್ವನಾಮವೂ ಕ್ರಿಯಾಪದಕ್ಕೆ ಎಷ್ಟು ಅಂಟಿದೆಯೆಂದರೆ, ‘ಝ’ದ ಸ್ವರ ಬಿದ್ದು ಮುಂದಿನ ಪಕಾರದ ಸಂಗದಲ್ಲಿ ನಾದ ಕಳೆದುಕೊಂಡು ‘ಶ್‌ಪಾರ್ಲ್’ ಎಂದು ಒಂದೇ ಉಚ್ಚಾರಾಂಶವಾಗುತ್ತದೆ. ‘ನಾನು ಮಾತಾಡುತ್ತೇನೆ’ ಎಂಬ ಇಡೀ ವಾಕ್ಯ ಅಲ್ಲಿ ಒಂದು ತುಂಡು.

ಒಂದೋ ಎರಡೋ

ಸ್ವರಗಳು ಒತ್ತೊತ್ತಾಗಿ ಬಂದಾಗ ಎಣಿಕೆ ಇನ್ನಷ್ಟು ಸೂಕ್ಷ್ಮ. ‘ಆಟವಾಡು’ ಎಂಬ ಕ್ರಿಯಾಪದದಲ್ಲಿ ಉ, ಏ ಎಂಬ ಎರಡು ಸ್ವರಗಳಿವೆ. ಉಕಾರ ವಕಾರಕ್ಕೆ ಜಾರಿ ಝ್ವೇ ಎಂದು ಒಂದೇ ತುಂಡಾಗುತ್ತದೆ. ‘ಕೂಗು’ ಎಂಬ ಕ್ರಿಯಾಪದ ಮಾತ್ರ ಕ್ರಿ-ಯೇ ಎಂದು ಎರಡು ತುಂಡಾಗಿ ಉಳಿಯುತ್ತದೆ. ಕ್-ರ್ ಜೋಡಿಯ ಬೆನ್ನಿಗೆ ಯಕಾರವನ್ನೂ ಹೇರಿದರೆ ಬಾಯಿ ಒಪ್ಪದು. ‘ನೀವು ಬಯಸುತ್ತಿದ್ದಿರಿ’ ಎಂಬುದು ವು-ಲ್ಯೇ, ಎರಡು. ಷರತ್ತಿನ ರೂಪ ವು-ದ್ರಿ-ಯೇ, ಮೂರು. ಸಂಖ್ಯೆ ಮೂರನ್ನು ಹೇಳುವ ‘ತ್ರ್ವಾ’ ಒಂದು ತುಂಡಾದರೆ, ‘ತೂತು ಮಾಡಿದ’ ಎಂಬ ಕ್ರಿಯಾರೂಪ ‘ತ್ರು-ಆ’ ಎರಡು ತುಂಡು. ಕ್ರಿಯಾರೂಪದಲ್ಲಿ ಧಾತುವಿನ ಉಕಾರ ತನ್ನ ಉಚ್ಚಾರಾಂಶವನ್ನು ಬಿಟ್ಟುಕೊಡಲಿಲ್ಲ.

ಇದಕ್ಕೆ ತಿರುಗುಮುರುಗಾಗಿ, ಕಾಣುವ ಅಕ್ಷರವೆಲ್ಲ ಉಚ್ಚಾರಾಂಶವೂ ಅಲ್ಲ. ‘ನಾವು ತಿನ್ನುತ್ತೇವೆ’ ಎಂಬ ಮಾಂ-ಝೋಂ ರೂಪದ ನಡುವೆ ಬರಹ ಒಂದು ಇ ಸೇರಿಸುತ್ತದೆ. ಜಿ ಅಕ್ಷರವನ್ನು ‘ಗ’ ಎಂದು ಓದದೆ ‘ಝ’ ಎಂದು ಓದಿ ಎಂಬ ಸೂಚನೆಯ ಹೊರತು ಅದಕ್ಕೆ ಬೇರೆ ಕೆಲಸವಿಲ್ಲ. ಎಣಿಸುವಾಗ ಅದನ್ನು ಬಿಟ್ಟುಬಿಡಬೇಕು.

ಹಿಂದೆ ಉಳಿದ ಬರಹ

ಮಾತು ಇಷ್ಟು ದೂರ ಬಂದರೂ ಬರಹ ನಿಧಾನ. ಆಗಲೇ ನೋಡಿದ ಭೂತಕಾಲದ ‘ಪಾರ್ಲೆ’ಯನ್ನು ಬಹುಕಾಲ ಒ-ಐ ಅಕ್ಷರಗಳಿಂದ ಬರೆಯುತ್ತಿದ್ದರು. ವಾಲ್ಟೇರ್ 18ನೇ ಶತಮಾನದಲ್ಲೇ ಎ-ಐ ಎಂದು ಬರೆಯಬೇಕೆಂದು ವಾದಿಸಿದರು. ಫ್ರೆಂಚ್ ಅಕಾಡೆಮಿ ಅದನ್ನು ತನ್ನ ನಿಘಂಟಿಗೆ ತೆಗೆದುಕೊಂಡದ್ದು 1835ರ ಆವೃತ್ತಿಯಲ್ಲಿ. ಬರಹ ಮತ್ತು ಉಚ್ಚಾರದ ನಡುವಿನ ಇಂಥ ಕಂದರವನ್ನು ದಿನವೂ ಕಾಣುತ್ತಿದ್ದ ಭಾಷಾ ಶಿಕ್ಷಕರು ಪಾಲ್ ಪಾಸಿಯವರ ಮುಂದಾಳತ್ವದಲ್ಲಿ 1886ರಲ್ಲಿ ಪ್ಯಾರಿಸಿನಲ್ಲಿ ಕಟ್ಟಿದ ಸಂಘವೇ ಮುಂದೆ ಅಂತರರಾಷ್ಟ್ರೀಯ ಧ್ವನಿವಿಜ್ಞಾನ ಸಂಘವಾಯಿತು. ಇಂದು ಜಗತ್ತಿನ ನಿಘಂಟುಗಳು ಬಳಸುವ ಧ್ವನಿಲಿಪಿ ಅದರ ಕೊಡುಗೆ.

ಕಂದರದ ಆಳ ತಿಳಿಯಲು ಒಂದೇ ಪದ ಸಾಕು. ಸಿ-ಒ-ಎನ್-ವಿ-ಐ-ಇ-ಎನ್-ಟಿ ಎಂದು ಬರೆದದ್ದನ್ನು ‘ಅವನು, ಅದು’ ಎಂಬ ಕರ್ತೃವಿನೊಂದಿಗೆ ಕೋಂ-ವ್ಯೇಂ ಎಂದು ಓದಬೇಕು. ಆಗ ‘ತಕ್ಕುದಾಗಿದೆ’ ಎಂದರ್ಥ. ‘ಅವರು’ ಎಂಬ ಕರ್ತೃ ಬಂದರೆ ಕೋಂ-ವಿ ಎಂದು ಓದಬೇಕು. ಆಗ ಅದು ಬೇರೆಯೇ ಧಾತು, ‘ಆಹ್ವಾನಿಸುತ್ತಾರೆ’ ಎಂದರ್ಥ. ಎಂಟೂ ಅಕ್ಷರ ಒಂದೇ, ಉಚ್ಚಾರ ಬೇರೆ. ಬರಹವನ್ನು ಮಾತಾಗಿಸುವ ಕಂಪ್ಯೂಟರ್ ತಂತ್ರಾಂಶ ಇದನ್ನು ಓದಬೇಕಾದರೆ ಮೊದಲು ಕರ್ತೃ ಯಾರೆಂದು ಹುಡುಕಬೇಕು, ಆಮೇಲೆ ಉಚ್ಚಾರಾಂಶ ಕತ್ತರಿಸಬೇಕು.

ತದ್ವಿರುದ್ಧ ದಿಕ್ಕಿನ ಕಷ್ಟ ಫ್ರೆಂಚ್ ಶಾಲಾಮಕ್ಕಳದು. ‘ಪಾರ್ಲೇ’ ಎಂದು ಕೇಳಿದ್ದನ್ನು ‘ಮಾತಾಡಲು’ ಎಂಬ ರೂಪವಾಗಿ ಇ-ಆರ್ ಹಾಕಿ ಬರೆಯಬೇಕೋ, ‘ಮಾತಾಡಿದ’ ಎಂಬ ಕೃದಂತವಾಗಿ ಗೀಟಿನ ಇ ಬರೆಯಬೇಕೋ, ‘ನೀವು’ ರೂಪವಾಗಿ ಇ-ಝಡ್ ಬರೆಯಬೇಕೋ? ಅಲ್ಲಿನ ಮೇಷ್ಟ್ರುಗಳು ಒಂದು ಉಪಾಯ ಹೇಳಿಕೊಡುತ್ತಾರೆ. ಆ ಜಾಗದಲ್ಲಿ ‘ಮಾರು’ ಎಂಬ ಕ್ರಿಯಾಪದ ಇಟ್ಟು ನೋಡು. ‘ವಾಂದ್ರ್’ ಹೊಂದಿದರೆ ಇ-ಆರ್, ‘ವಾಂದ್ಯು’ ಹೊಂದಿದರೆ ಗೀಟಿನ ಇ. ಕಿವಿ ಒಂದು ಕ್ರಿಯಾಪದದಲ್ಲಿ ಕಳೆದುಕೊಂಡ ಭೇದವನ್ನು ಇನ್ನೊಂದರಲ್ಲಿ ಹುಡುಕಿ ತರುವ ಜಾಣತನ ಅದು.

16 ಅಕ್ಷರ, 4 ಉಚ್ಚಾರಾಂಶ

ಕಲಿತದ್ದನ್ನೆಲ್ಲ ಒಂದೇ ರೂಪದ ಮೇಲೆ ಪ್ರಯೋಗಿಸೋಣ: ‘ಅವರು ಕರೆಯುತ್ತಿದ್ದರು, ಆದರೆ…’ ಎಂಬ ಷರತ್ತಿನ ಬಹುವಚನ. ಸರ್ವನಾಮಕ್ಕೆ 3, ಕ್ರಿಯಾಪದಕ್ಕೆ 13, ಒಟ್ಟು 16 ಅಕ್ಷರ. ಮೊದಲು ಬಾಲ ನೋಡಿ: ಎ-ಐ-ಇ-ಎನ್-ಟಿ ಐದೂ ಸೇರಿ ಒಂದು ‘ಎ’. ರಕಾರದ ಹಿಂದೆ ಒಂದು ಮೂಕ ಇ ಇದೆ. ಅದು ಬಿದ್ದರೆ ಲ್, ರ್ ಎರಡೇ ಎದುರಾಗುವುದರಿಂದ ಧೈರ್ಯವಾಗಿ ಬೀಳಲಿ. ಬಿದ್ದಾಗ ಲಕಾರ ಹಿಂದೆ ಸರಿದು ಉಚ್ಚಾರಾಂಶ ಮುಚ್ಚಿತು. ಇಮ್ಮಡಿ ಎಲ್ ಹೇಳುತ್ತಿರುವುದು ಅದನ್ನೇ, ಆದ್ದರಿಂದ ಪೆಲ್. ಇನ್ನು ತಲೆಯ ಕಡೆ: ಕ್ರಿಯಾಪದ ಆಕಾರದಿಂದ ಶುರುವಾಗುತ್ತದೆ, ಹಿಂದಿನ ಎಸ್ ಎದ್ದು ಜ಼ಾ ಆಗುತ್ತದೆ. ಕೂಡಿಸಿದರೆ ಇಲ್-ಜ಼ಾ-ಪೆಲ್-ರೆ. ಏಕವಚನವಾದರೆ ಇ-ಲಾ-ಪೆಲ್-ರೆ.

ಎರಡಕ್ಕೂ ನಾಲ್ಕು ತುಂಡು, ಕೊನೆಯ ಎರಡು ತುಂಡು ಅಕ್ಷರಶಃ ಒಂದೇ. ಒಬ್ಬನೋ ಹಲವರೋ ಎಂಬುದು ಮೊದಲೆರಡು ತುಂಡುಗಳಲ್ಲಿ ತೀರ್ಮಾನವಾಗಿ ಹೋಗಿದೆ. ಫ್ರೆಂಚ್ ಕಲಿಯುವವರು ಕ್ರಿಯಾಪದವನ್ನು ಒಂಟಿಯಾಗಿ ಬಾಯಿಪಾಠ ಮಾಡಬಾರದು ಎನ್ನುವುದು ಇದಕ್ಕೇ. ಸರ್ವನಾಮವನ್ನು ಸೇರಿಸಿಕೊಂಡು, ಬಾಯಿಬಿಟ್ಟು, ತುಂಡು ತುಂಡಾಗಿ ಹೇಳಬೇಕು. ಮೊದಲು ಕಿವಿಗೆ ಇ-ಲೆಮ್, ಇಲ್-ಜ಼ೆಮ್ ಬೇರೆ ಬೇರೆಯಾಗಿ ಕೇಳಿಸಲಿ. ಆಮೇಲೆ ಪುಸ್ತಕ ತೆರೆದರೆ ಕಾಗುಣಿತದ ಆ ಉದ್ದನೆಯ ಬಾಲಗಳು ಹೆದರಿಸುವುದಿಲ್ಲ, ಏಕೆಂದರೆ ಅವುಗಳಲ್ಲಿ ಯಾವುದು ನುಡಿಯುತ್ತದೆ, ಯಾವುದು ಹಿಂದಿನ ಸ್ವರವನ್ನು ಬದಲಿಸುತ್ತದೆ, ಯಾವುದು ಬರೀ ಚರಿತ್ರೆ ಎಂಬುದನ್ನು ಕಿವಿ ಆಗಲೇ ಬೇರ್ಪಡಿಸಿಟ್ಟಿರುತ್ತದೆ.